ಅಟ್ಟ ಹತ್ತಿದ ಇಬ್ಬರು ನಟರು

ನನಗೊಂದು ಚಾಳಿಯಿದೆ. ಕೈಗೆ ಏನೇ ಸಿಕ್ಕಲಿ, ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸದೆ ನನಗೆ ಸಮಾಧಾನವಿಲ್ಲ. ಬೆಂಕಿಪೊಟ್ಟಣ, ಔಷಧಿ ಸೀಸೆ, ಯಾರದೋ ಮದುವೆಗೆಂದು ಕೊಂಡ ಉಡುಗೊರೆಯ ಡಬ್ಬಿ, ಎಲ್ಲಕ್ಕೂ ಒಂದೇ ಪರೀಕ್ಷೆ. ಒಮ್ಮೆ ತುಮಕೂರಿನ ಅಂಗಡಿಯೊಂದರಲ್ಲಿ ಕೈಗಡಿಯಾರ ಕೊಳ್ಳಲು ಹೋಗಿ ಹೀಗೇ ಅಲ್ಲಾಡಿಸಿದಾಗ, ಅಂಗಡಿಯವನು ಮುಖ ಕೂಡ ಎತ್ತದೆ, "ತಿಪಟೂರಿನ ಕಡೆಯೋರಾ ಸಾರ್?" ಎಂದು ಕೇಳಿದ. ನಾನು ಬಿಳಿಗೆರೆ ಎಂದೆ. "ಅದೇ ಅನ್ಕಂಡೆ" ಎಂದು ಬಿಲ್ಲು ಬರೆಯತೊಡಗಿದ.

ತಪ್ಪು ನನ್ನದಲ್ಲ, ನಮ್ಮ ಸೀಮೆಯದು. ನಮ್ಮಲ್ಲಿ ತೆಂಗಿನಕಾಯಿಯನ್ನು ಕಿತ್ತ ಕೂಡಲೇ ಒಡೆದು ಚಟ್ನಿ ಮಾಡಿ ಮುಗಿಸುವುದಿಲ್ಲ. ಬಲಿತ ಕಾಯಿಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೆ ಹಾಕುತ್ತೇವೆ. ಕೆಳಗಿನ ಒಲೆಯ ಹೊಗೆ ಕುಡಿಯುತ್ತಾ ಅದು ಹನ್ನೊಂದು ತಿಂಗಳು ಅಲ್ಲೇ ತಪಸ್ಸು ಮಾಡುತ್ತದೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗುತ್ತದೆ. ಆಗ ಕಾಯಿಯನ್ನು ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಸದ್ದು ಕೇಳಿಯೇ ಇದು ಒಳ್ಳೆಯ ಕೊಬ್ಬರಿ, ಇದು ಒಳಗೇ ಕೆಟ್ಟ ಕೌಟು, ಇದಕ್ಕೆ ಇನ್ನೂ ಒಂದು ತಿಂಗಳು ಬೇಕು ಎಂದು ಹೇಳಬಲ್ಲವರು ನಾವು. ಉಳಿದವರು ಲೋಕವನ್ನು ಕಣ್ಣಿನಿಂದ ನೋಡಿದರೆ ನಾವು ಕಿವಿಯಿಂದ ನೋಡುತ್ತೇವೆ. ಈ ವಿದ್ಯೆಯ ಮೇಲೆ ನನಗಿದ್ದ ಅಹಂಕಾರ ಹೇಗೆ ಇಳಿಯಿತು ಎಂಬುದನ್ನೇ ಹೇಳಹೊರಟಿದ್ದೇನೆ. ಅದಕ್ಕೆ ಕಾರಣ ಇಬ್ಬರು ಹಿರಿಯ ಸಿನಿಮಾ ನಟರು, ಒಬ್ಬ ಬಾವ, ಒಬ್ಬ ಅಕ್ಕ.

ನಟರ ಹೆಸರು ಹೇಳುವುದಿಲ್ಲ, ಕ್ಷಮಿಸಿ. ನಾನು ಬೀಡಾ ಹಾಕಿಸಿಕೊಳ್ಳುವ ಅಂಗಡಿಯವನು ಒಬ್ಬರ ಅಭಿಮಾನಿ, ಕ್ಷೌರದವನು ಇನ್ನೊಬ್ಬರ ಅಭಿಮಾನಿ. ವಾರಕ್ಕೊಮ್ಮೆ ನನ್ನ ಗಂಟಲಿಗೆ ಕತ್ತಿ ಹಿಡಿಯುವವನ ಮನಸ್ಸು ನೋಯಿಸುವುದು ಜಾಣತನವಲ್ಲ. ಇಷ್ಟು ಹೇಳಬಹುದು: ಇಬ್ಬರೂ ಒಂದು ಕಾಲದಲ್ಲಿ ಮರ ಸುತ್ತಿ ಹಾಡಿದವರು, ತೊಂಬತ್ತರ ದಶಕದ ಹೊತ್ತಿಗೆ ಸೊಂಟ ಹಿಡಿದು ಅಪ್ಪ, ದೊಡ್ಡಪ್ಪ, ಊರ ಗೌಡ ಇತ್ಯಾದಿ ಪಾತ್ರಗಳಿಗೆ ಬಂದಿದ್ದವರು. ನನ್ನ ನಟರು ಸಾಯುವುದರಲ್ಲಿ ನಿಸ್ಸೀಮರು. ಮೊದಲು ಒಂದು ಸಣ್ಣ ಕೆಮ್ಮು, ಮಧ್ಯಂತರದಲ್ಲಿ ಒಂದು ನಡುತರದ ಕೆಮ್ಮು, ಕೊನೆಗೆ ಮಗಳ ಕೈಯನ್ನು ಅಳಿಯನ ಕೈಗಿಟ್ಟು ಮಹಾಕೆಮ್ಮು. ಥಿಯೇಟರಿನಲ್ಲಿ ಒಣಗಿದ ಕರವಸ್ತ್ರ ಒಂದೂ ಉಳಿಯುತ್ತಿರಲಿಲ್ಲ. ಬಾವನ ನಟರು ಸಾಯುವ ಜಾತಿಯಲ್ಲ. ಬಾಗಿಲಲ್ಲಿ ನಿಂತು "ಯಾರಲ್ಲಿ!" ಎಂದು ಒಮ್ಮೆ ಗುಡುಗಿದರೆ ಮುಂದಿನ ಸಾಲಿನ ಮಕ್ಕಳು ಹಿಂದಿನ ಸಾಲಿಗೆ ಓಡುತ್ತಿದ್ದರು. ನಮ್ಮ ಜಯಕ್ಕ ಇಬ್ಬರಿಗೂ ನಾಮಕರಣ ಮಾಡಿಬಿಟ್ಟಿದ್ದಳು: ನನ್ನವರು ಕೆಮ್ಮಪ್ಪ, ಅವಳ ಗಂಡನವರು ಗುಡುಗಪ್ಪ. ಇಲ್ಲಿಯೂ ಹಾಗೇ ಇರಲಿ.

ನಾನು ಗಣಿತದ ಮೇಷ್ಟ್ರು. ಅಂಕ ಹಾಕದೆ ಯಾವುದನ್ನೂ ಒಪ್ಪುವ ಅಭ್ಯಾಸವಿಲ್ಲ. ಮಕ್ಕಳ ಉತ್ತರಪತ್ರಿಕೆಯ ಹಿಂದಿನ ಖಾಲಿ ಹಾಳೆಯ ಮೇಲೆ ಪಟ್ಟಿ ಹಾಕಿ, ನಡಿಗೆ, ನೋಟ, ಅಳು, ಸಿಟ್ಟು, ಧಾರೆ ಎರೆಯುವುದು, ಸಾಯುವುದು ಎಂದು ಭಾಗ ಮಾಡಿ ಇಬ್ಬರಿಗೂ ಅಂಕ ಕೊಟ್ಟೆ. ಕೆಮ್ಮಪ್ಪನವರು ಎರಡೂವರೆ ಅಂಕದಿಂದ ಗೆದ್ದರು. ಪಟ್ಟಿಯನ್ನು ಬಾವನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಕೂಡಿ ನೋಡಿದರು.

"ಎಲ್ಲಾ ಸರಿ ಕಣ್ಲಾ, ಈ ಅರ್ಧ ಎಲ್ಲಿಂದ ಬಂತು?"

"ಕೆಮ್ಮಿಗೆ" ಎಂದೆ.

"ಕೆಮ್ಮು ರೋಗ. ರೋಗಕ್ಕೆ ಮಾರ್ಕ್ಸ್ ಕೊಡೋ ಮೇಷ್ಟ್ರನ್ನ ನಾನೆಲ್ಲೂ ಕಾಣೆ" ಎಂದು ಹಾಳೆಯನ್ನು ಮಡಿಸಿ ನಮ್ಮ ಜಗಲಿಯ ಸುಣ್ಣದ ಡಬ್ಬಿಯ ಕೆಳಗಿಟ್ಟರು.

ಇಲ್ಲಿ ನಾನು ಶಾಸ್ತ್ರದ ಮೊರೆ ಹೋದೆ. ನಮ್ಮ ಹಿರಿಯರು ಅಭಿನಯಕ್ಕೆ ಎಂಟು ಸಾತ್ವಿಕ ಭಾವಗಳನ್ನು ಹೇಳಿದ್ದಾರೆ. ಬೆವರು, ನಡುಕ, ಕಣ್ಣೀರು, ರೋಮಾಂಚನ, ಗಂಟಲು ಬಿಗಿಯುವುದು, ಹೀಗೆ. ಗಂಟಲು ಬಿಗಿಯುವವರೆಗೆ ಬಂದವರು ಇನ್ನೊಂದು ಹೆಜ್ಜೆ ಮುಂದಿಟ್ಟು ಕೆಮ್ಮನ್ನು ಸೇರಿಸಲಿಲ್ಲವಲ್ಲ ಎಂಬುದು ನನ್ನ ಕೊರಗು. ಬಹುಶಃ ಅವರ ಮನೆಗಳಲ್ಲಿ ತೆಂಗಿನ ಅಟ್ಟ ಇರಲಿಲ್ಲ, ಹೊಗೆ ಇರಲಿಲ್ಲ. ಬಾವ ಇದನ್ನೆಲ್ಲ ಕೇಳಿ, "ಗುಡುಗೂ ಇಲ್ವಲ್ಲ ನಿನ್ನ ಲಿಸ್ಟ್‌ನಲ್ಲಿ, ಶಾಸ್ತ್ರನೇ ಸುಳ್ಳು ಬುಡು" ಎಂದರು. ಆ ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೂ ಒಮ್ಮತವಿತ್ತು.

ಹೀಗೆ ವರ್ಷಗಟ್ಟಲೆ ಸುಖವಾಗಿ ಜಗಳವಾಡುತ್ತಿದ್ದೆವು. ಬಾವ ಬಾಮೈದರು ಕಾಲೆಳೆಯದೆ ಇನ್ನಾರು ಎಳೆಯಬೇಕು? ಕೆಟ್ಟದ್ದು ಒಂದು ಯುಗಾದಿಯ ದಿನ. ಅಕ್ಕ, ಬಾವ ಕೆಂಕೆರೆಯಿಂದ ನಮ್ಮ ಮನೆಗೆ ಬಂದಿದ್ದರು. ಅಮ್ಮ ಒಬ್ಬಟ್ಟು ಬಡಿಸುತ್ತಿದ್ದಳು. ಟೀವಿಯಲ್ಲಿ ಸಿನಿಮಾ, ಅದರಲ್ಲಿ ಅಪರೂಪಕ್ಕೆ ಇಬ್ಬರೂ ಇದ್ದರು. ಕೆಮ್ಮಪ್ಪನವರು ಎಂದಿನಂತೆ ಸಾಯುತ್ತಿದ್ದರು, ನಾನು ಎಂದಿನಂತೆ ಮೂಗು ಒರೆಸಿಕೊಳ್ಳುತ್ತಿದ್ದೆ. ಬಾವ, "ನಿಮ್ಮೋರಿಗೆ ಬರೋದು ಒಂದೇ ಕೆಲ್ಸ, ಸಾಯೋದು. ಅದನ್ನೂ ಬೇಗ ಮಾಡಲ್ಲ" ಎಂದರು. ನನಗೆ ರೇಗಿತು. "ನಿಮ್ಮೋರು ಮಾಡೋದೇನು ಬಾವ? ಕುರಿ ಕೂಗೋರ ಥರ ಅರಚೋದು ನಟನೆನಾ?" ಎಂದುಬಿಟ್ಟೆ.

ಬಾವ ಎದ್ದುಬಿಟ್ಟರು. ಎಲೆಯ ಮೇಲೆ ಅರ್ಧ ಒಬ್ಬಟ್ಟು, ಅದರ ಮೇಲೆ ಆಗಷ್ಟೇ ಹಾಕಿದ ತುಪ್ಪ. ಕೈ ತೊಳೆದು, ಚಪ್ಪಲಿ ಮೆಟ್ಟಿ, "ಜಯಾ, ನಡಿ. ಈ ಮನೆ ಹೊಸ್ಲು ಇನ್ನು ನಾನು ತುಳಿಯಾಕಿಲ್ಲ" ಎಂದು ಹೊರಟೇಹೋದರು. ಅಕ್ಕ ನನ್ನನ್ನೊಮ್ಮೆ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಸೆರಗು ಸರಿಮಾಡಿಕೊಂಡು ಗಂಡನ ಹಿಂದೆ ಹೋದಳು. ಅಮ್ಮ ಒಬ್ಬಟ್ಟಿನ ತಟ್ಟೆ ಹಿಡಿದು ಅಲ್ಲೇ ನಿಂತಿದ್ದಳು.

ಒಂದು ಸಿನಿಮಾಕ್ಕೆ ಇಷ್ಟೊಂದಾ ಎಂದು ನಾನೂ ಬಿಗುಮಾನದಲ್ಲೇ ಇದ್ದೆ. ಗೌರಿಹಬ್ಬ ಹತ್ತಿರ ಬರುವವರೆಗೆ. ಗೌರಿಹಬ್ಬಕ್ಕೆ ಮಗಳು ತವರಿಗೆ ಬರಬೇಕು, ಬಾಗಿನ ಹಿಡಿಯಬೇಕು. ಅಪ್ಪ ತೀರಿಕೊಂಡ ಮೇಲೆ ಅಕ್ಕನನ್ನು ಕರೆಯಲು ಹೋಗುವ ಜವಾಬ್ದಾರಿ ನನ್ನದು. ಆ ವರ್ಷವೂ ಮೂರು ಬಸ್ಸು ಬದಲಿಸಿ, ತಿಪಟೂರು, ಚಿಕ್ಕನಾಯಕನಹಳ್ಳಿ, ಹುಳಿಯಾರು ದಾಟಿ ಕೆಂಕೆರೆ ಸೇರಿದೆ. ಅಕ್ಕ ಅಂಗಳದಲ್ಲೇ ಸಿಕ್ಕಳು.

"ನಾನು ಬರಲ್ಲ ಕಣೋ. ಹೋಗ್ಬೇಡ ಅಂತ ಅವರೇನೂ ಹೇಳಿಲ್ಲ. ಆದ್ರೆ ಗಂಡನ್ನ ಬಿಟ್ಟು ಒಬ್ಳೇ ಬಂದು ಹಬ್ಬದೂಟ ಉಂಡ್ರೆ ಅದು ಗಂಟಲಲ್ಲಿ ಇಳಿಯುತ್ತಾ?"

"ಅಲ್ಲಕ್ಕ, ಒಂದು ಮಾತಿಗೆ..."

"ನಿಂಗೆ ಗೊತ್ತಾಗ್ಲಿಲ್ವಾ? ನಮ್ಮ ಮಾವ ಏನ್ ಮಾಡ್ತಿದ್ರು ಹೇಳು."

ಆಗ ಹೊಳೆಯಿತು. ಅಕ್ಕನ ಮಾವ ಕೊನೆಯವರೆಗೂ ಕುರಿ ಮೇಯಿಸಿದವರು. ಅವರು ಕೆರೆಯ ಈ ದಡದಲ್ಲಿ ನಿಂತು ಕೂಗಿದರೆ ಆ ದಡದ ಕುರಿಗಳು ತಲೆ ಎತ್ತುತ್ತಿದ್ದವು. ಅಂಥ ದನಿ. ಯುಗಾದಿಗೆ ಮೂರು ತಿಂಗಳು ಮುಂಚೆ ತೀರಿಕೊಂಡಿದ್ದರು. ಬಾವ ಗುಡುಗಪ್ಪನವರ ಗುಡುಗಿನಲ್ಲಿ ಕೇಳುತ್ತಿದ್ದದ್ದು ಯಾರ ದನಿ ಎಂದು, ಕಾಯಿ ಅಲ್ಲಾಡಿಸಿ ಒಳಗಿನದನ್ನು ಹೇಳುವ ನನ್ನ ಕಿವಿಗೆ ಗೊತ್ತಾಗಿರಲಿಲ್ಲ. ಅಷ್ಟೇಕೆ, ನಾನು ಕೆಮ್ಮಪ್ಪನವರಿಗೆ ಅರ್ಧ ಅಂಕ ಹೆಚ್ಚು ಕೊಟ್ಟದ್ದು ಏಕೆಂದೂ ನನಗೆ ಗೊತ್ತಿರಲಿಲ್ಲ. ನಮ್ಮಪ್ಪ ತೋಟದಿಂದ ಬಂದು ಒಳಗೆ ಕಾಲಿಡುವ ಮುಂಚೆ ಬಾಗಿಲಲ್ಲಿ ನಿಂತು ಒಮ್ಮೆ ಕೆಮ್ಮುತ್ತಿದ್ದರು. ಹೆಂಗಸರಿಗೆ, ಮಕ್ಕಳಿಗೆ ಅದೇ ಕರೆಗಂಟೆ. ಆ ಕೆಮ್ಮು ಕೇಳಿದರೆ ಅಮ್ಮ ತಟ್ಟೆ ಹಾಕುತ್ತಿದ್ದಳು. ನನಗೆ ನಾಚಿಕೆಯಾಯಿತು, ದುಃಖವೂ ಆಯಿತು. ಒಳಗೆ ಹೋಗಿ ಬಾವನ ಕಾಲು ಹಿಡಿಯೋಣ ಎಂದುಕೊಂಡೆ.

ಆದರೆ ಬಾವ ಕಾಲು ಕೊಟ್ಟರೆ ತಾನೇ! ಕಾಫಿ ಕೊಟ್ಟರು, ಚಕ್ಕುಲಿ ಕೊಟ್ಟರು. ಕ್ಷಮೆ ಕೇಳಲು ಬಾಯಿ ತೆರೆದರೆ, "ಅದು ಬುಡು. ಮೊದ್ಲು ನಮ್ಮೋರು ದೊಡ್ಡೋರು ಅಂತ ಒಪ್ಕೊ" ಎಂದರು. ನನ್ನ ನಾಚಿಕೆ, ದುಃಖ ಎಲ್ಲ ಚಕ್ಕುಲಿಯ ಜೊತೆ ಗಂಟಲಲ್ಲಿ ಇಳಿದುಹೋಯಿತು. "ಅದೊಂದು ಆಗಲ್ಲ ಬಾವ" ಎಂದೆ. ಮತ್ತೆ ಶುರು.

ಅಡುಗೆಮನೆಯ ಬಾಗಿಲಿಗೆ ಒರಗಿ ಕೇಳುತ್ತಿದ್ದ ಅಕ್ಕ ನಡುವೆ ಬಂದಳು.

"ಬಾಯಲ್ಲಿ ಹೇಳಿದ್ರೆ ನೀವಿಬ್ರೂ ಒಪ್ಪಲ್ಲ. ಕೊಬ್ಬರಿ ಹೇಳಲಿ. ಬಿಳಿಗೆರೆ ಮನೆ ಅಟ್ಟದ ಮೇಲೆ ಗುಡುಗಪ್ಪನ ಹೆಸರಲ್ಲಿ ಐವತ್ತು ಕಾಯಿ, ಕೆಮ್ಮಪ್ಪನ ಹೆಸರಲ್ಲಿ ಐವತ್ತು ಕಾಯಿ ಹಾಕಿ. ಬರೋ ವರ್ಷ ಗೌರಿಹಬ್ಬಕ್ಕೆ ಇಳಿಸೋಣ. ಯಾರ ರಾಶೀಲಿ ಜಾಸ್ತಿ ಉಂಡೆ ಬರುತ್ತೋ ಅವರೇ ದೊಡ್ಡೋರು. ಕೊಬ್ಬರಿ ಸುಳ್ಳು ಹೇಳಲ್ಲ."

ಬೇರೆ ಯಾವ ಸೀಮೆಯಲ್ಲಾದರೂ ಈ ಮಾತಿಗೆ ನಗುತ್ತಿದ್ದರು. ನಾವು ಗಂಭೀರವಾಗಿ ತಲೆದೂಗಿದೆವು. 'ಕೊಬ್ಬರಿ ಸುಳ್ಳು ಹೇಳಲ್ಲ' ಎಂದ ಮೇಲೆ ನಮ್ಮ ಕಡೆಯವರು ಮರುಮಾತಾಡುವುದಿಲ್ಲ. ಹತ್ತನೇ ತರಗತಿಗೆ ಸಂಭವನೀಯತೆ ಪಾಠ ಮಾಡುವ ನಾನು, ತೆಂಗಿನಕಾಯಿಗೂ ಅಭಿನಯಕ್ಕೂ ಏನು ಸಂಬಂಧ ಎಂದು ಒಂದು ಮಾತು ಕೇಳಲಿಲ್ಲ. ನನ್ನ ಸಂಬಳ ಬರೆಯುವವರಿಗೆ ಇದು ತಿಳಿಯದಿರಲಿ.

ಕಾಯಿ ಆರಿಸುವ ದಿನ ಬಾವ ಬಂದರು. ಹೊಸ್ತಿಲು ತುಳಿಯಲಿಲ್ಲ, ಅಂಗಳದ ತೆಂಗಿನಮರದ ಬುಡದಲ್ಲಿ ಕಲ್ಲಿನ ಮೇಲೆ ಕೂತರು. ಅಮ್ಮ ಅಲ್ಲಿಗೇ ಮಜ್ಜಿಗೆ ತಂದುಕೊಟ್ಟಳು. ನಮ್ಮ ಮನೆಯ ಕಾಯಿ ಕೀಳುವ, ಕೊಬ್ಬರಿ ಸುಲಿಯುವ ಕೆಂಚಣ್ಣ ಒಂದೊಂದೇ ಕಾಯಿ ಎತ್ತಿ ತೋರಿಸಿದ, ನಾವು ಹೂಂ ಎಂದೆವು. ನಾನು ಶಾಲೆಯ ಸೀಮೆಸುಣ್ಣದಲ್ಲಿ ಒಂದರ ಮೇಲೆ 'ಕೆ', ಇನ್ನೊಂದರ ಮೇಲೆ 'ಗು' ಎಂದು ಬರೆದೆ. ಅಟ್ಟದಲ್ಲಿ ಎರಡು ರಾಶಿಯ ನಡುವೆ ಗೋಣಿಚೀಲದ ಪರದೆ ಕಟ್ಟಿಸಿದೆ. ಒಲೆಯ ನೇರಕ್ಕೆ ಯಾರ ರಾಶಿ ಎಂದು ನಾಣ್ಯ ಚಿಮ್ಮಿದೆವು, ಅದು ಬಾವನಿಗೆ ಬಿತ್ತು.

ನನಗೆ ಸಂಕಟ ಶುರುವಾಯಿತು. ಒಲೆಯ ನೇರಕ್ಕೆ ಹೊಗೆ ಚೆನ್ನ, ಕೊಬ್ಬರಿ ಚೆನ್ನ. ಮಾರನೆಯ ದಿನ ಕೆಂಚಣ್ಣನನ್ನು ಬಚ್ಚಲ ಹಿಂದಕ್ಕೆ ಕರೆದು, "ಬಾವಿ ಪಕ್ಕದ ಮರದ ಒಳ್ಳೆ ಕಾಯಿ ನಾಲ್ಕೈದು ನಮ್ಮ ರಾಶಿಗೆ ಹಾಕಿ, ನಮ್ಮಲ್ಲಿರೋ ಸಣ್ಣವು ನಾಲ್ಕೈದು ತೆಗೆದುಬಿಡು" ಎಂದು ಪಿಸುಗುಟ್ಟಿದೆ. ಒಂದು ಕಟ್ಟು ಬೀಡಿ ಕೊಟ್ಟೆ. ಕೆಂಚಣ್ಣ ಅದರಲ್ಲೊಂದು ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತಾ, "ಆಯ್ತು ಬುಡಿ ಮೇಷ್ಟ್ರೇ. ಕೆಂಕೆರೆಯೋರೂ ನೆನ್ನೆ ಇದೇ ಹೇಳಿ ಇಷ್ಟೇ ಬೀಡಿ ಕೊಟ್ರು" ಎಂದ. ನಾನು ಮುಖ ತಿರುಗಿಸಿಕೊಂಡು ಶಾಲೆಗೆ ಹೋದೆ. ಆ ದಿನ ಪ್ರಾಮಾಣಿಕತೆಯ ಬಗ್ಗೆ ಪ್ರಾರ್ಥನೆಯ ಹೊತ್ತಿನಲ್ಲಿ ಭಾಷಣ ಮಾಡುವ ಸರದಿ ನನ್ನದೇ ಆಗಿತ್ತು, ಮಾಡಿದೆ.

ಮಾಘದಲ್ಲಿ ಅಮ್ಮನಿಗೆ ಜ್ವರ ಬಂತು. ಅಕ್ಕ ಒಂದು ದಿನದ ಮಟ್ಟಿಗೆ ಒಬ್ಬಳೇ ಬಂದಳು. ಹಬ್ಬಕ್ಕೆ ಬರುವುದಿಲ್ಲ ಎಂದಿದ್ದಳೇ ಹೊರತು ಜ್ವರಕ್ಕಲ್ಲ. ನಾನು ಜಗಲಿಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಅಟ್ಟದ ಮೇಲೆ ಗುಡುಗುಡು ಸದ್ದು ಕೇಳಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಗುಡುಗುಡು.

"ಏನದು?" ಎಂದು ಕೂಗಿದೆ.

"ಹೆಗ್ಗಣ ಕಣಪ್ಪ. ನೀನು ಬರ್ಕೊ" ಎಂದು ಅಮ್ಮ ಒಳಗಿನಿಂದಲೇ ಹೇಳಿದಳು. ಜ್ವರದವಳ ದನಿ ಏಣಿಯ ಬುಡದಿಂದ ಏಕೆ ಬಂತು ಎಂದು ಕೂಡ ನಾನು ಯೋಚಿಸಲಿಲ್ಲ. ತಪ್ಪು ಮಾಡಿದ ಹುಡುಗನಿಗೆ ಕೆಂಪು ಶಾಯಿಯಲ್ಲಿ 'ಗಮನವಿಟ್ಟು ಓದು' ಎಂದು ಬರೆಯುತ್ತಿದ್ದೆ.

ಗೌರಿಹಬ್ಬ ಬಂತು. ಬೆಳಗಿನ ಬಸ್ಸಿಗೇ ಬಾವ ಬಂದರು, ಅಕ್ಕನೂ ಬಂದಳು. ಬರದೆ ಇರಲು ಬಾವನಿಗೆ ಸಾಧ್ಯವಿರಲಿಲ್ಲ. ಅವರ ಕಣ್ಣ ಹಿಂದೆ ಎಣಿಕೆಯಾದರೆ ಮೇಷ್ಟ್ರು ಬಿಡುತ್ತಾನೆಯೇ? ಹೊಸ ಪಂಚೆ, ಇಸ್ತ್ರಿ ಶರ್ಟು. ಮತ್ತೆ ಅದೇ ಕಲ್ಲಿನ ಮೇಲೆ ಕೂತರು. ಅಕ್ಕ ಮಾತ್ರ ಬಲಗಾಲಿಟ್ಟು ಒಳಗೆ ಹೋದಳು. ಅವಳು ನನ್ನ ಪಕ್ಕದಲ್ಲಿ ಹಾದುಹೋಗುವಾಗ ಮೆಲ್ಲಗೆ, "ಇವತ್ತು ನಿಮ್ಮಿಬ್ರಲ್ಲಿ ಯಾರು ಸೋತ್ರೂ ನನಗೆ ತವರು ಹೋಯ್ತು ಕಣೋ" ಎಂದಳು. ಇದು ಹನ್ನೊಂದು ತಿಂಗಳಲ್ಲಿ ಒಮ್ಮೆಯೂ ನನಗೆ ಹೊಳೆದಿರಲಿಲ್ಲ. ಬಾವ ಸೋತರೆ ಇನ್ನು ಈ ಕಡೆ ತಲೆ ಹಾಕುವುದಿಲ್ಲ. ನಾನು ಸೋತರೆ, ಗೆದ್ದು ಬೀಗುವ ಬಾವನ ಮುಂದೆ ನನ್ನ ಬಾಯಿ ಮತ್ತೆ ಏನು ಆಡುತ್ತದೋ ನನಗೇ ಭರವಸೆಯಿಲ್ಲ. ಬೇಡ, ನಿಲ್ಲಿಸಿಬಿಡೋಣ ಎಂದು ಬಾವನ ಕಡೆ ತಿರುಗಿದೆ. ಅಷ್ಟರಲ್ಲಿ ಕೆಂಚಣ್ಣ ಅಟ್ಟ ಹತ್ತಿಯಾಗಿತ್ತು.

"ಮೇಷ್ಟ್ರೇ!" ಮೇಲಿನಿಂದ ಅವನ ಕೂಗು. "ಇಲ್ಲಿ ಎರಡು ರಾಶಿ ಇಲ್ಲ ಕಣ್ರೀ. ಒಂದೇ ಐತೆ!"

"ಗೋಣಿ ಪರದೆ?"

"ಅದೂ ಇಲ್ಲ. ಎಲ್ಲಾ ಕಲಸೋಗವೆ. ನಿಮ್ಮ ಬರಹ ಹೊಗೇಲಿ ಮಸಿ ಆಗೈತೆ, 'ಕೆ'ನೂ ಕಾಣಲ್ಲ 'ಗು'ನೂ ಕಾಣಲ್ಲ!"

ಅಂಗಳದಲ್ಲಿ ಕೂತಿದ್ದ ಬಾವ ದಿಗ್ಗನೆದ್ದರು. "ಲೇ ಕೆಂಚಾ, ಒಂದ್ನೂ ಮುಟ್ಬೇಡ! ಮೋಸ ಆಗೈತೆ!" ಎಂದು ಗುಡುಗಿ, ಪಂಚೆ ಎತ್ತಿ ಕಟ್ಟಿ, ಜಗಲಿ ಹಾರಿ, ಹೊಸ್ತಿಲು ದಾಟಿ, ನಡುಮನೆ ದಾಟಿ, ಏಣಿ ಏರಿ ತಲೆಯನ್ನು ಅಟ್ಟದೊಳಗೆ ತೂರಿಸಿದರು. ಹಿಂದೆಯೇ ನಾನೂ ಓಡಿದೆ. ಬಾವ ಒಂದು ಕಾಯಿ ತೆಗೆದು ಅಲ್ಲಾಡಿಸಿದರು. ಗಡಗಡ. ಇನ್ನೊಂದು ನನ್ನ ಕೈಗೆ ಕೊಟ್ಟರು. ಅದೂ ಗಡಗಡ. ಯಾವುದನ್ನು ಎತ್ತಿದರೂ ಹಾಗೇ. ಆ ವರ್ಷ ಕೊಬ್ಬರಿ ಅಷ್ಟು ಚೆನ್ನಾಗಿ ಕೂತಿತ್ತು. ಯಾರ ಕಾಯಿ ಯಾವುದೆಂದು ಹೇಳುವ ಕಿವಿ ಮಾತ್ರ ಇಡೀ ತಾಲ್ಲೂಕಿನಲ್ಲಿ ಇರಲಿಲ್ಲ.

"ಯಾವನ್ಲಾ ಇದನ್ನ ಕಲಸಿದ್ದು?" ಎಂದು ಬಾವ ಕೆಳಗೆ ನೋಡಿದರು. ಏಣಿಯ ಬುಡದಲ್ಲಿ ಅಕ್ಕ ನಿಂತಿದ್ದಳು, ಕೈಯಲ್ಲಿ ನೀರಿನ ಚೊಂಬು. ಪಕ್ಕದಲ್ಲಿ ಅಮ್ಮ, ಬಾಯಿಗೆ ಸೆರಗು ಒತ್ತಿಕೊಂಡು.

"ಹೆಗ್ಗಣ ಕಣ್ರೀ" ಎಂದಳು ಅಕ್ಕ. "ಒಳಗೆ ಬಂದಾಯ್ತಲ್ಲ, ಇಳೀರಿ. ಕೈಕಾಲು ತೊಳ್ಕೊಳ್ಳಿ."

ಬಾವ ಏಣಿಯ ಮೇಲಿಂದಲೇ ತಿರುಗಿ ನೋಡಿದರು. ದೂರದಲ್ಲಿ ಹೊಸ್ತಿಲು, ಅದರಾಚೆ ಅಂಗಳ, ಕಲ್ಲಿನ ಪಕ್ಕ ಅವಸರದಲ್ಲಿ ಬಿಟ್ಟು ಬಂದ ಒಂದು ಚಪ್ಪಲಿ. ಇನ್ನೊಂದು ಕಾಲಲ್ಲೇ ಇತ್ತು. ಅವರು ಆ ಕಾಲನ್ನು, ನನ್ನನ್ನು, ಹೆಂಡತಿಯನ್ನು ನೋಡಿದರು. ಮೀಸೆಯ ಕೆಳಗೆ ಏನೋ ಅಲುಗಿತು. ಆಮೇಲೆ ಇಡೀ ಏಣಿ ಅಲುಗುವಂತೆ ನಕ್ಕರು. ನನಗೂ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಅಟ್ಟದ ಹೊಗೆ ಎಂದು ಒರೆಸಿಕೊಂಡೆ. "ಬಾವ, ಆವತ್ತು ನಾನು ಆಡಿದ್ದು ತಪ್ಪು ಮಾತು" ಎಂದೆ. ಅವರು ಕೈಯಲ್ಲಿದ್ದ ಕಾಯಿಯಿಂದ ನನ್ನ ತಲೆಗೆ ಮೆಲ್ಲಗೆ ತಟ್ಟಿ, ಕಿವಿಗೊಟ್ಟು ಕೇಳಿದಂತೆ ಮಾಡಿ, "ಇದಿನ್ನೂ ಬಲಿತಿಲ್ಲ ಕಣೇ ಜಯಾ" ಎಂದರು.

ಅಕ್ಕ ಬಾಗಿನ ಹಿಡಿದಳು. ಒಲೆಯ ಮುಂದಿನ ಕೆಲಸ ಮುಗಿಯುವವರೆಗೆ ನಾವಿಬ್ಬರೂ ಜಗಲಿಯಲ್ಲಿ ಕೂತೆವು. ನಾನು ಸುಣ್ಣದ ಡಬ್ಬಿಯ ಕೆಳಗಿಂದ ಹಳೆಯ ಅಂಕಪಟ್ಟಿಯನ್ನು ಹೊರತೆಗೆದೆ. ಹನ್ನೊಂದು ತಿಂಗಳು ಒಂದೇ ಒಂದು ಸಲವೂ ನಗದೆ, ಬಾಯಿ ಬಿಡದೆ, ಇಬ್ಬರು ಗಂಡಸರನ್ನು ನಂಬಿಸಿದವಳ ಹೆಸರನ್ನು ಮೂರನೆಯ ಸಾಲಿನಲ್ಲಿ ಬರೆದು ನೂರಕ್ಕೆ ನೂರು ಹಾಕಿದೆ. ನನ್ನ ಕೈಯಿಂದ ಯಾವ ವಿದ್ಯಾರ್ಥಿಗೂ ಬಿದ್ದ ಅಂಕವಲ್ಲ ಅದು. ಬಾವ ಕನ್ನಡಕ ಏರಿಸಿ ಓದಿದರು.

"ಇದು ನ್ಯಾಯ" ಎಂದರು. ಹಾಳೆಯನ್ನು ಮತ್ತೆ ಮಡಿಸುತ್ತಾ, "ಆದ್ರೂ ಒಂದ್ಮಾತು. ನಿಮ್ಮಕ್ಕ ಇದನ್ನೆಲ್ಲ ಕಲ್ತಿದ್ದು ನಮ್ಮೋರನ್ನ ನೋಡಿನೇ" ಎಂದರು.

"ಛೇ, ಎಲ್ಲಾದ್ರೂ ಉಂಟಾ ಬಾವ? ಇದು ಕೆಮ್ಮಪ್ಪನವರ ಶೈಲಿ. ಒಳಗೊಳಗೇ ಇಟ್ಕೊಳ್ಳೋದು."

"ಏಯ್, ಬುಡ್ಲಾ!"

ಅಷ್ಟರಲ್ಲಿ ಅಡುಗೆಮನೆಯಲ್ಲಿ ಒಗ್ಗರಣೆಗೆ ಮೆಣಸಿನಕಾಯಿ ಬಿತ್ತು. ಘಾಟು ಎದ್ದಿತು. ಒಳಗಿನಿಂದ ಅಕ್ಕ ಕೆಮ್ಮಿದಳು, ಥೇಟ್ ನಮ್ಮಪ್ಪ ಬಾಗಿಲಲ್ಲಿ ನಿಂತು ಕೆಮ್ಮಿದ ಹಾಗೆ. ಒಳಗೆ ಅಮ್ಮ ಎಲೆ ಹಾಸುವ ಸದ್ದು ಕೇಳಿತು. ನಾನು ಬಾವನನ್ನು ನೋಡಿ, "ಕೇಳಿಸ್ತಾ?" ಎಂದೆ.

ಬಾವ ಬಾಯಿ ತೆರೆಯುವ ಮೊದಲೇ ಅಕ್ಕ ಅಡುಗೆಮನೆ ಬಾಗಿಲಿಗೆ ಬಂದು, ಸೌಟು ಹಿಡಿದು, ಕೆರೆಯ ಆಚೆ ದಡಕ್ಕೂ ಮುಟ್ಟುವಂತೆ ಗುಡುಗಿದಳು: "ಊಟಕ್ಕೆ ಏಳ್ತೀರೋ ಇಲ್ವೋ ಇಬ್ರೂ!"

ಬಾವ ನನ್ನನ್ನು ನೋಡಿದರು. "ಈಗ ನಿಂಗೆ ಕೇಳಿಸ್ತಾ?"

ಇಬ್ಬರೂ ಎದ್ದು ಹೋಗಿ ಎಲೆಯ ಮುಂದೆ ಕೂತೆವು.